ಕಾದ ಕಬ್ಬಿಣದ ವೈದ್ಯ

ಗಾದೆಯ ನರಿ ಬರೆ ಹಾಕಿಕೊಂಡದ್ದು ಹುಲಿಯಂತೆ ಕಾಣಲೆಂದು. ಊರಿನ ಜನ ಬರೆ ಹಾಕಿಸಿಕೊಂಡದ್ದು ಕಾಯಿಲೆ ವಾಸಿಯಾಗಲೆಂದು. ಕಾಮಾಲೆಗೆ ತೋಳಿನ ಮೇಲೆ, ಹೊಟ್ಟೆಯುಬ್ಬರಕ್ಕೆ ಹೊಕ್ಕುಳ ಸುತ್ತ, ಹಿಡಿದುಕೊಂಡ ಮಂಡಿಗೆ ಮಂಡಿಯ ಮೇಲೆಯೇ. ಕೆಲವು ಕಡೆ ಇದನ್ನೇ ಚುಟಿಕೆ ಹಾಕುವುದು ಎನ್ನುತ್ತಾರೆ. ಸಲಕರಣೆ ದುಬಾರಿಯದಲ್ಲ. ಒಲೆಯಲ್ಲಿ ಕೆಂಪಗೆ ಕಾಯಿಸಿದ ಕಬ್ಬಿಣದ ಕಡ್ಡಿ, ಇಲ್ಲವೇ ಒಡೆದ ಬಳೆಯ ಚೂರು, ಅದೂ ಇಲ್ಲದಿದ್ದರೆ ತುದಿ ಸುಟ್ಟ ಅರಿಸಿನದ ಕೊಂಬು. ಬರೆ ಹಾಕುವುದರಲ್ಲಿ ಕೈ ಪಳಗಿದವರು ಎಷ್ಟೋ ಊರುಗಳಲ್ಲಿ ಇದ್ದರು. ಹಸುಗೂಸಿಗೂ ಅದೇ ಮದ್ದು, ಕುಂಟುವ ಎತ್ತಿಗೂ ಅದೇ ಮದ್ದು.

ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಆಗ ಒಂದು ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಗ್ರೀಸ್, ಅರಬ್ ನಾಡು, ಚೀನಾ, ಭಾರತ ಎಲ್ಲ ಕಡೆಯೂ ನೋವಿನ ಮೇಲೆ ಬೆಂಕಿ ಇಡುವ ವೈದ್ಯ ಏಕೆ ಬೆಳೆಯಿತು? ಎರಡು ಸಾವಿರ ವರ್ಷ ಏಕೆ ಬಾಳಿತು? ಬರೀ ಸುಳ್ಳಾಗಿದ್ದರೆ ಅಷ್ಟು ಕಾಲ ಜನ ಮೈ ಸುಡಿಸಿಕೊಳ್ಳುತ್ತಿದ್ದರೇ? ಅರ್ಧ ಉತ್ತರ 20ನೇ ಶತಮಾನದ ಪ್ರಯೋಗಾಲಯಗಳಲ್ಲಿ ಸಿಕ್ಕಿತು. ಬರೆಗೆ ನೋವನ್ನು ತಗ್ಗಿಸುವ ಶಕ್ತಿ ನಿಜಕ್ಕೂ ಇತ್ತು. ಕಾಯಿಲೆಯನ್ನು ಗುಣಪಡಿಸುವ ಶಕ್ತಿ ಇರಲಿಲ್ಲ. ಈ ಎರಡನ್ನೂ ಬಿಡಿಸಿ ನೋಡುವ ದಾರಿ ಬಹುಕಾಲ ಯಾರಿಗೂ ತಿಳಿದಿರಲಿಲ್ಲ, ಅಷ್ಟೇ.

ಭಾರತದಲ್ಲಿ ಬೆಂಕಿಯ ವೈದ್ಯಕ್ಕೆ ಶಾಸ್ತ್ರದ ಆಧಾರವೂ ಇದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೇ ಅಧ್ಯಾಯ ಪೂರ್ತಿ ಅಗ್ನಿಕರ್ಮಕ್ಕೆ ಮೀಸಲು. ಚರ್ಮದ ಮಟ್ಟದ ಕಾಯಿಲೆಗೆ ಹಿಪ್ಪಲಿ, ಆಡಿನ ಹಿಕ್ಕೆ, ಹಸುವಿನ ಹಲ್ಲು, ಬಾಣದ ಮೊನೆ. ಮಾಂಸಕ್ಕೆ ಲೋಹದ ಸಲಾಕೆ. ನರ, ಕೀಲು, ಮೂಳೆಗಳಿಗೆ ಕಾಯಿಸಿದ ಜೇನು, ಬೆಲ್ಲ, ಜಿಡ್ಡು. ಬರೆಯ ಆಕಾರಕ್ಕೂ ಲೆಕ್ಕವಿದೆ: ಬಳೆಯಂತೆ ದುಂಡು, ಚುಕ್ಕೆ, ಗೆರೆ, ಒತ್ತಿ ಉಜ್ಜುವುದು. ತುರ್ತಿಲ್ಲದಿದ್ದರೆ ಶರತ್ಕಾಲದಲ್ಲಿ, ಬೇಸಿಗೆಯಲ್ಲಿ ಈ ಚಿಕಿತ್ಸೆ ಬೇಡ ಎನ್ನುತ್ತದೆ ಗ್ರಂಥ. ಯಾರಿಗೆ ಮಾಡಲೇಬಾರದು ಎಂಬ ಪಟ್ಟಿಯೂ ಅಲ್ಲಿದೆ. ದುರ್ಬಲರು, ಮುದುಕರು, ಅಂಜುಬುರುಕರು ಆ ಪಟ್ಟಿಯಲ್ಲಿದ್ದಾರೆ. ಅವರೊಂದಿಗೆ ಮಕ್ಕಳೂ ಇದ್ದಾರೆ. ಮುಂದೆ ಹಳ್ಳಿಗಳಲ್ಲಿ ಹಸುಗೂಸುಗಳೂ ಬರೆ ತಿಂದವು ಎಂಬುದನ್ನು ನೆನೆದರೆ, ಶಾಸ್ತ್ರ ಒಂದು ದಾರಿ ಹಿಡಿದು ರೂಢಿ ಇನ್ನೊಂದು ದಾರಿ ಹಿಡಿದದ್ದು ಸ್ಪಷ್ಟವಾಗುತ್ತದೆ.

ಗ್ರೀಕರೂ ಹಿಂದೆ ಬೀಳಲಿಲ್ಲ. ಹಿಪ್ಪೊಕ್ರೇಟಸನ ಹೆಸರಿನಲ್ಲಿರುವ ಸೂತ್ರಗಳಲ್ಲಿ ಒಂದು ಚಿಕ್ಕ ಗಮನಿಕೆ ಇದೆ: ಮೈಯ ಎರಡು ಕಡೆ ಒಟ್ಟಿಗೆ ನೋವಾದರೆ ಹೆಚ್ಚಿನದು ಕಡಿಮೆಯದನ್ನು ಮಂಕುಮಾಡುತ್ತದೆ ಎಂಬುದು ಅದರ ಸಾರ. ಕಾರ್ಡೊಬಾದ ಅಲ್ ಜಹ್ರಾವಿ ಸುಮಾರು ಕ್ರಿ.ಶ. 1000ದಲ್ಲಿ ಬರೆದ ವೈದ್ಯಕೋಶದ ಶಸ್ತ್ರಚಿಕಿತ್ಸೆಯ ಭಾಗವಂತೂ ಬರೆಯಿಂದಲೇ ಶುರುವಾಗುತ್ತದೆ. ತಲೆನೋವು, ಅರೆತಲೆನೋವು, ಸೊಂಟನೋವು ಎಂದು ಒಂದೊಂದಕ್ಕೆ ಒಂದೊಂದು ಆಕಾರದ ಕಬ್ಬಿಣ, ಅದರ ಚಿತ್ರ ಸಮೇತ.

ಬೆಂಕಿ ಬೇಡವೆಂದವರಿಗೆ ಮೀನು ಇತ್ತು. ರೋಮ್ ಚಕ್ರವರ್ತಿ ಕ್ಲಾಡಿಯಸ್‌ನ ಕಾಲದ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಗೌಟ್ ಕಾಯಿಲೆಯಿಂದ ಕಾಲು ಊದಿದವರನ್ನು ಒದ್ದೆ ಮರಳಿನ ಮೇಲೆ ನಿಲ್ಲಿಸಿ ಪಾದದ ಕೆಳಗೆ, ಮೈಯಿಂದ ವಿದ್ಯುತ್ ಆಘಾತ ಕೊಡುವ ಟಾರ್ಪೀಡೊ ಮೀನನ್ನು ಜೀವಂತವಾಗಿ ಇಡಲು ಹೇಳಿದ. ಮಂಡಿಯವರೆಗೆ ಜೋಮು ಹಿಡಿಯುವ ತನಕ ನಿಲ್ಲಬೇಕು. ವಿದ್ಯುತ್ ಎಂದರೇನೆಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅದು ವಿದ್ಯುತ್ ಚಿಕಿತ್ಸೆ. ಇಂದು ಫಿಸಿಯೋಥೆರಪಿ ಕೇಂದ್ರಗಳಲ್ಲಿ ಬೆನ್ನಿಗೆ ಅಂಟಿಸುವ ಪುಟ್ಟ ವಿದ್ಯುತ್ ಪಟ್ಟಿಗಳ ಮುತ್ತಜ್ಜ ಆ ಮೀನೇ.

1670ರ ದಶಕದಲ್ಲಿ ಯುರೋಪಿಗೆ ಪೂರ್ವದ ಬೆಂಕಿಯೂ ಬಂತು. ಇಂದಿನ ಜಕಾರ್ತಾ ಆಗ ಡಚ್ಚರ ಬಟಾವಿಯಾ. ಅಲ್ಲಿ ಪಾದ್ರಿಯಾಗಿದ್ದ ಹರ್ಮನ್ ಬುಸ್ಚೋಫ್ ಗೌಟ್‌ನಿಂದ ನರಳುತ್ತಿದ್ದಾಗ ಒಬ್ಬ ಸ್ಥಳೀಯ ವೈದ್ಯೆ, ಮಾಚಿಪತ್ರೆಯ ಜಾತಿಯ ಎಲೆಯ ಒಣ ನಾರನ್ನು ಚಿಕ್ಕ ಉಂಡೆ ಮಾಡಿ ಅವನ ಕಾಲಿನ ಮೇಲಿಟ್ಟು ಹೊತ್ತಿಸಿದಳು. ನೋವು ಇಳಿಯಿತು. ಪಾದ್ರಿ ಪುಸ್ತಕವನ್ನೇ ಬರೆದ. ಅದನ್ನು ಕೇಳಿ ತಿಳಿದ ಇಂಗ್ಲಿಷ್ ರಾಯಭಾರಿ ವಿಲಿಯಂ ಟೆಂಪಲ್, ನೈಮೇಗನ್ ಪಟ್ಟಣದಲ್ಲಿ ಸಂಧಾನದ ಕೆಲಸದಲ್ಲಿದ್ದಾಗ ಕಾಲು ಊದಿಕೊಂಡು, ಉಟ್ರೆಕ್ಟ್‌ನಿಂದ ಆ ನಾರನ್ನು ತರಿಸಿಕೊಂಡು ಸುಡಿಸಿಕೊಂಡ. ತನಗೆ ಗುಣವಾಯಿತೆಂದು ಅವನೂ ಬರೆದ. ಗೌಟ್ ನೋವು ಏನೂ ಮಾಡದಿದ್ದರೂ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ ಎಂಬುದು ಇಂದಿನ ವೈದ್ಯರಿಗೆ ಗೊತ್ತು. ಆದರೆ ಟೆಂಪಲ್ ಹೇಳಿದ್ದು ವಾರದ ಮಾತಲ್ಲ, ಸುಟ್ಟ ಕೆಲವೇ ಹೊತ್ತಿನಲ್ಲಿ ಆದ ಆರಾಮದ ಮಾತು. ಅದನ್ನು ಸುಲಭವಾಗಿ ಅಲ್ಲಗಳೆಯಲಾಗದು. ಉಟ್ರೆಕ್ಟ್ ಹೆಸರು ನೆನಪಿರಲಿ; ಈ ಕಥೆಯಲ್ಲಿ ಅದು ಇನ್ನೊಮ್ಮೆ ಬರುತ್ತದೆ.

ಮನುಷ್ಯನಿಗಾದರೆ ನೋವು ಇಳಿಯಿತು ಎಂದು ಹೇಳುವ ಬಾಯಿ ಇದೆ. ಪ್ರಾಣಿಯ ವೈದ್ಯಕ್ಕೆ ಆ ಸಾಕ್ಷಿ ಇಲ್ಲ. ಹಾಗಿದ್ದೂ ಆ ವಿದ್ಯೆ ಮನುಷ್ಯರ ವೈದ್ಯಕ್ಕೆ ಸಮಸಮವಾಗಿ ಬೆಳೆಯಿತು. ಕನ್ನಡದಲ್ಲೇ 12ನೇ ಶತಮಾನದ ಆದಿಭಾಗದಲ್ಲಿ ಚಾಳುಕ್ಯ ರಾಜಕುಮಾರ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಅದರಲ್ಲಿ ಔಷಧದ ಜತೆ ಮಂತ್ರತಂತ್ರವೂ ಬೆರೆತಿದೆ. ಕುದುರೆಗಳ ವೈದ್ಯದ ಬಗ್ಗೆ 1400ರ ಸುಮಾರಿನಲ್ಲಿ ಅಭಿನವಚಂದ್ರ ಬರೆದ. ಅರಬ್ ಕುದುರೆ ಕಡಲು ದಾಟಿ ಬಂದು ಚಿನ್ನದ ಬೆಲೆಗೆ ಮಾರಾಟವಾಗುತ್ತಿದ್ದ ಕಾಲ ಅದು. ಕುದುರೆ ಕುಂಟಿದರೆ ರಾಜ್ಯದ ಬೊಕ್ಕಸವೇ ಕುಂಟುತ್ತಿತ್ತು.

ಆದರೆ ಪ್ರಾಣಿಯ ನೋವಿನ ಬಗ್ಗೆ ನಿಜವಾಗಿ ತಿಳಿದಿದ್ದವರು ಗ್ರಂಥಕರ್ತರಿಗಿಂತ ಹೆಚ್ಚಾಗಿ ಕೈಯಿಂದ ಕೆಲಸ ಮಾಡುವವರು. ಲಾಳ ಹೊಡೆಯುವವರು, ಕುದುರೆಯ ಹಲ್ಲನ್ನು ಅರದಿಂದ ಉಜ್ಜುವವರು, ಹೋರಿಯ ಬೀಜ ಒಡೆಯುವವರು. ಎತ್ತಿನ ಮೂಗಿನ ಎರಡು ಹೊಳ್ಳೆಗಳ ನಡುವಿನ ತೆಳು ಗೋಡೆಯಲ್ಲಿ ನರಗಳು ದಟ್ಟವಾಗಿವೆ ಎಂದು ಯಾವ ಪುಸ್ತಕವೂ ಹೇಳುವ ಮುಂಚೆಯೇ ಮೂಗುದಾರ ಅಲ್ಲಿಗೆ ಹೋಗಿ ಕುಳಿತಿತ್ತು. ಕುದುರೆಯ ವಿಷಯದಲ್ಲಿ ಅವರ ಉಪಾಯ ಇನ್ನೂ ವಿಚಿತ್ರ. ಒಂದು ಗಟ್ಟಿ ಕೋಲಿನ ತುದಿಗೆ ಹಗ್ಗದ ಕುಣಿಕೆ. ಕುದುರೆಯ ಮೇಲ್ತುಟಿಯನ್ನು ಕುಣಿಕೆಯೊಳಗೆ ಎಳೆದು ಕೋಲನ್ನು ತಿರುಗಿಸಿದರೆ ತುಟಿ ಬಿಗಿಯಾಗಿ ತಿರುಚಿಕೊಳ್ಳುತ್ತದೆ. ಆರು ಜನ ಹಿಡಿದರೂ ನಿಲ್ಲದ ಕುದುರೆ ಒಬ್ಬನ ಕೈಯಲ್ಲಿ ನಿಂತುಬಿಡುತ್ತದೆ. ಕಣ್ಣು ಅರೆಮುಚ್ಚಿ, ತಲೆ ತಗ್ಗಿಸಿ, ತೂಕಡಿಸುವಂತೆ. ಗಾಯ ಹೊಲಿದರೂ ಅದು ಮಿಸುಕಾಡದು. ಶತಮಾನಗಳ ಕಾಲ ಇದಕ್ಕೆ ಸಿಕ್ಕ ವಿವರಣೆ ಒಂದೇ: ತುಟಿಯ ನೋವಿನ ಕಡೆ ಗಮನ ಹರಿದು ಉಳಿದ ನೋವು ಮರೆಯುತ್ತದೆ, ಇಲ್ಲವೇ ಭಯಕ್ಕೆ ನಿಂತಿದೆ.

ಗಮನದ ಮಾತು ಪೂರ್ತಿ ತಪ್ಪಲ್ಲ. ನೋವು ಗಾಯದ ಅಳತೆಗೆ ತಕ್ಕಂತೆ ಬರುವುದಿಲ್ಲ ಎಂಬುದಕ್ಕೆ ಕರ್ನಾಟಕದ ಜಾತ್ರೆಗಳೇ ಸಾಕ್ಷಿ. ಸಿಡಿ ಎಂಬ ಆಚರಣೆಯಲ್ಲಿ ಬೆನ್ನಿನ ಚರ್ಮಕ್ಕೆ ಕೊಕ್ಕೆ ಚುಚ್ಚಿ ಎತ್ತರದ ಅಡ್ಡಮರಕ್ಕೆ ತೂಗುಬಿಟ್ಟಾಗ ಹರಕೆ ಹೊತ್ತವನು ಕೆಳಗಿನ ಜನರತ್ತ ಹೂವು ಎರಚಿ ನಗುತ್ತಿದ್ದ. ಈಗ ಹಲವೆಡೆ ಕೊಕ್ಕೆಯ ಜಾಗಕ್ಕೆ ಬಟ್ಟೆ, ಹಗ್ಗ ಬಂದಿವೆ. ಇತಿಹಾಸಕಾರ ಡಿ.ಡಿ. ಕೋಸಂಬಿ ಇಂಥ ಆಚರಣೆಯ ಬಗ್ಗೆ ಬರೆದ ಲೇಖನ 1967ರಲ್ಲಿ ಅಮೆರಿಕದ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದನ್ನು ಓದಿದ ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್, ನೋವಿನ ಒಗಟಿನ ಬಗ್ಗೆ 1973ರಲ್ಲಿ ತಂದ ತಮ್ಮ ಪುಸ್ತಕದಲ್ಲಿ ಸಿಡಿಯನ್ನು ಉದಾಹರಣೆಯಾಗಿ ಬಳಸಿದರು. ಇನ್ನೊಂದು ಉದಾಹರಣೆ ಎರಡನೇ ಮಹಾಯುದ್ಧದ್ದು. ಇಟಲಿಯ ರಣರಂಗದಲ್ಲಿ ಅರಿವಳಿಕೆ ತಜ್ಞ ಹೆನ್ರಿ ಬೀಚರ್ 200ಕ್ಕೂ ಹೆಚ್ಚು ಗಾಯಾಳು ಸೈನಿಕರನ್ನು ನೋವಿಗೆ ಔಷಧ ಬೇಕೇ ಎಂದು ಕೇಳಿದಾಗ ಸುಮಾರು ಮುಕ್ಕಾಲು ಪಾಲು ಮಂದಿ ಬೇಡವೆಂದರು. ಕಾಲು ಛಿದ್ರವಾದವನು ಬೇಡವೆನ್ನುತ್ತಾನೆ; ಅವನೇ ಆಮೇಲೆ ಸೂಜಿ ಸರಿಯಾಗಿ ಚುಚ್ಚಲಿಲ್ಲವೆಂದು ಕೂಗಾಡುತ್ತಾನೆ.

ಹಾಗಾದರೆ ನೋವನ್ನು ತಡೆಯುವ ಏರ್ಪಾಡು ಮೈಯೊಳಗೇ ಎಲ್ಲೋ ಇರಬೇಕು. ಮೆಲ್ಜಾಕ್ ಮತ್ತು ಬ್ರಿಟನ್ನಿನ ಪ್ಯಾಟ್ರಿಕ್ ವಾಲ್ 1965ರಲ್ಲಿ ಆ ಏರ್ಪಾಡಿಗೆ ಒಂದು ಜಾಗ ತೋರಿಸಿದರು: ಬೆನ್ನುಹುರಿ. ಚರ್ಮದಿಂದ ಬರುವ ನರತಂತುಗಳಲ್ಲಿ ದಪ್ಪನೆಯವು ಸ್ಪರ್ಶವನ್ನು ಬೇಗ ಒಯ್ಯುತ್ತವೆ. ತೆಳ್ಳನೆಯವು ಸುಡುವ, ಸಿಡಿಯುವ ನೋವನ್ನು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್ ವೇಗದಲ್ಲಿ, ಕಾಲ್ನಡಿಗೆಯಲ್ಲಿ, ತರುತ್ತವೆ. ಕಾಲ್ಬೆರಳು ಹೊಸ್ತಿಲಿಗೆ ತಾಗಿದಾಗ ಚುರುಕ್ ಎಂದದ್ದು ಮೊದಲು ಬಂದು, ಉರಿ ಒಂದು ಕ್ಷಣ ತಡವಾಗಿ ಬರುವುದು ಈ ವೇಗದ ವ್ಯತ್ಯಾಸದಿಂದ. ಎರಡೂ ಬೆನ್ನುಹುರಿಯ ಒಂದೇ ಬಾಗಿಲಿಗೆ ಬರುತ್ತವೆ, ಸ್ಪರ್ಶದ ಸುದ್ದಿ ಹೆಚ್ಚಾದರೆ ನೋವಿಗೆ ಬಾಗಿಲು ಅರೆಮುಚ್ಚುತ್ತದೆ ಎಂಬುದು ಅವರ ವಾದ. ಅದರ ವಿವರಗಳು ಆಮೇಲೆ ಬಹಳಷ್ಟು ಬದಲಾದವು. ಬಾಗಿಲಿದೆ ಎಂಬ ಮಾತು ಮಾತ್ರ ಉಳಿಯಿತು.

ನಾಲ್ಕೇ ವರ್ಷಕ್ಕೆ, 1969ರಲ್ಲಿ, ಡೇವಿಡ್ ರೆನಾಲ್ಡ್ಸ್ ಇಲಿಯ ಮಿದುಳಿನ ನಡುಭಾಗದ ಒಂದು ಬೂದು ಪ್ರದೇಶಕ್ಕೆ ಸಣ್ಣ ವಿದ್ಯುತ್ ಹರಿಸಿ, ಯಾವ ಅರಿವಳಿಕೆ ಔಷಧವೂ ಇಲ್ಲದೆ ಅದರ ಹೊಟ್ಟೆ ಕೊಯ್ದರು. ಇಲಿ ಎಚ್ಚರವಾಗಿಯೇ ಇತ್ತು, ಒದ್ದಾಡಲಿಲ್ಲ. ಬಾಗಿಲನ್ನು ಮೇಲಿನಿಂದಲೂ ಮುಚ್ಚಬಹುದು ಎಂದಾಯಿತು.

ಮುಚ್ಚುವ ವಸ್ತು ಯಾವುದು? 1973ರಲ್ಲಿ ಮಿದುಳಿನಲ್ಲಿ ಅಫೀಮು ಹೋಗಿ ಕೂರುವ ಜಾಗಗಳು ಪತ್ತೆಯಾದವು. ಗಸಗಸೆ ಗಿಡದ ಹಾಲಿಗೆಂದು ಮಿದುಳು ಜಾಗ ಕಾದಿರಿಸಿರಲಾರದು. ಹಾಗಾದರೆ ಮೈಯೇ ಅಂಥದ್ದೇನನ್ನೋ ತಯಾರಿಸುತ್ತಿರಬೇಕು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಎಂಬ ತರುಣ ವಿಜ್ಞಾನಿ ನಸುಕಿನಲ್ಲೇ ಸೈಕಲ್ ಹತ್ತಿ ಕಸಾಯಿಖಾನೆಗೆ ಹೋಗುತ್ತಿದ್ದ. ಅಲ್ಲಿನವರಿಗೆ ವಿಸ್ಕಿ ಕೊಟ್ಟು ಹಂದಿಯ ತಲೆಗಳನ್ನು ಪಡೆದು, ಮಿದುಳು ತೆಗೆದು ಪ್ರಯೋಗಾಲಯಕ್ಕೆ ಹೊತ್ತು ತರುತ್ತಿದ್ದ. ಅವನೂ ಅವನ ಗುರು ಹಾನ್ಸ್ ಕೋಸ್ಟರ್ಲಿಟ್ಜ್‌ನೂ ಆ ರಾಶಿ ಮಿದುಳಿನಿಂದ 1975ರಲ್ಲಿ ಬೇರ್ಪಡಿಸಿದ ವಸ್ತುವೇ ಎನ್ಕೆಫಾಲಿನ್, ಮೈ ತಾನೇ ತಯಾರಿಸುವ ಅಫೀಮು. ಮರುವರ್ಷ ಕ್ಯಾಲಿಫೋರ್ನಿಯಾದ ಸಿ.ಎಚ್. ಲೀ ಒಂಟೆಯ ಪಿಟ್ಯುಟರಿ ಗ್ರಂಥಿಯಿಂದ ಬೀಟಾ ಎಂಡಾರ್ಫಿನ್ ಎಂಬ ಅಂಥದ್ದೇ ವಸ್ತುವನ್ನು ತೆಗೆದರು. ಅವರು ಹುಡುಕುತ್ತಿದ್ದದ್ದು ಕೊಬ್ಬು ಕರಗಿಸುವ ಹಾರ್ಮೋನನ್ನು. ಒಂಟೆ ತೆಳ್ಳಗಿರುತ್ತದಲ್ಲ, ಅದರಲ್ಲಿ ಸಿಕ್ಕೀತೆಂದು ಇರಾಕ್‌ನಿಂದ ಗ್ರಂಥಿಗಳನ್ನು ತರಿಸಿದ್ದರು. ಹುಡುಕಿದ್ದು ಸಿಗಲಿಲ್ಲ, ಸಿಕ್ಕಿದ್ದು ಅದಕ್ಕಿಂತ ದೊಡ್ಡದು. ಹಂದಿ, ಒಂಟೆ, ಮನುಷ್ಯ ಎಲ್ಲರ ನೋವಿನ ಮದ್ದೂ ಒಂದೇ ಕುಟುಂಬದ್ದು ಎಂಬುದು ಇಲ್ಲಿ ಹೊರಬಿದ್ದ ಬೆಲೆಬಾಳುವ ಸಂಗತಿ.

ಇಷ್ಟಾದ ಮೇಲೆ ಬರೆಯ ಗುಟ್ಟು ಬಯಲಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1979ರಲ್ಲಿ ಪ್ಯಾರಿಸ್‌ನ ಡೇನಿಯಲ್ ಲ ಬಾರ್ ಮತ್ತು ಸಂಗಡಿಗರು ಅರಿವಳಿಕೆ ಕೊಟ್ಟ ಇಲಿಯ ಬೆನ್ನುಹುರಿಯಲ್ಲಿ ನೋವಿಗೆ ಸ್ಪಂದಿಸುವ ಒಂದು ನರಕೋಶವನ್ನು ಹಿಡಿದು ಕುಳಿತರು. ಪಂಜಕ್ಕೆ ನೋವು ಕೊಟ್ಟಾಗ ಕೋಶ ಪಟಪಟನೆ ಮಿಡಿಯಿತು. ಅದೇ ಹೊತ್ತಿಗೆ ದೂರದ ಬಾಲವನ್ನು ಹಿಂಡಿದರೆ, ಬಿಸಿ ತಾಗಿಸಿದರೆ, ಮಿಡಿತ ಅಡಗಿತು. ಮೈಯ ಯಾವ ಮೂಲೆಯಲ್ಲಿ ಎರಡನೆಯ ನೋವು ಕೊಟ್ಟರೂ ಅದೇ ಫಲ. ಎರಡನೆಯದು ನೋವೇ ಆಗಿರಬೇಕು. ಬರೀ ಮುಟ್ಟಿದರೆ, ಸವರಿದರೆ ಏನೂ ಆಗದು. ಬೆನ್ನುಹುರಿಯನ್ನು ಮಿದುಳಿನಿಂದ ಕತ್ತರಿಸಿ ಬೇರೆ ಮಾಡಿದರೆ ಈ ಪರಿಣಾಮ ಮಾಯ. ಎಂದರೆ ನೋವಿನ ಸುದ್ದಿ ಮಿದುಳಿನ ಬುಡಕ್ಕೆ ಹೋಗಿ, ಅಲ್ಲಿಂದ ತಡೆಯಾಜ್ಞೆ ಇಡೀ ಬೆನ್ನುಹುರಿಗೆ ಇಳಿದುಬರುತ್ತದೆ. ಹಿಪ್ಪೊಕ್ರೇಟಸನ ಸೂತ್ರಕ್ಕೆ ಕೊನೆಗೂ ಒಂದು ನರಮಾರ್ಗ ಸಿಕ್ಕಿತು. ಮಂಡಿಗೆ ಹಾಕಿದ ಬರೆಯಿಂದ ಮಂಡಿನೋವು ಇಳಿದದ್ದು ಕಲ್ಪನೆಯಲ್ಲ. ಆದರೆ ಮಂಡಿಗೇ ಹಾಕಬೇಕೆಂದೇನೂ ಇರಲಿಲ್ಲ, ದುಂಡಗೋ ಗೆರೆಯೋ ಎಂಬ ಲೆಕ್ಕವೂ ಬೇಕಿರಲಿಲ್ಲ.

ನಂಬಿಕೆಯ ಪಾಲೂ ಇದೆ. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದವಡೆ ಹಲ್ಲು ಕೀಳಿಸಿಕೊಂಡವರಿಗೆ ಔಷಧವೆಂದು ಬರೀ ಸಪ್ಪೆ ದ್ರಾವಣ ಕೊಟ್ಟಾಗ ಕೆಲವರಿಗೆ ನೋವು ಇಳಿಯಿತು. ಅಫೀಮಿನ ಕೆಲಸ ತಡೆಯುವ ನಲೋಕ್ಸೋನ್ ಕೊಟ್ಟಾಗ ಅವರ ನೋವು ಮರಳಿತು. ಊರಿನ ಹಿರಿಯನ ಕೈಗುಣದ ಮೇಲಿನ ಭರವಸೆಯೂ ಮೈಯಲ್ಲಿ ರಾಸಾಯನಿಕವಾಗಿಯೇ ಕೆಲಸ ಮಾಡುತ್ತದೆ ಎಂದಾಯಿತು.

ಈಗ ಉಟ್ರೆಕ್ಟ್. ಟೆಂಪಲ್‌ನ ಕಾಲಿಗೆ ಬೆಂಕಿ ಕಳಿಸಿದ್ದ ಆ ಊರಿನ ವಿಶ್ವವಿದ್ಯಾಲಯದ ಸಂಶೋಧಕರು ಕುದುರೆಯ ತುಟಿ ತಿರುಚುವ ಹಳೆಯ ಕೋಲನ್ನು ಪ್ರಯೋಗಕ್ಕೆ ಎತ್ತಿಕೊಂಡು, 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತುಟಿ ತಿರುಚಿದಾಗ ಕುದುರೆಯ ಎದೆಬಡಿತ ಏರಬೇಕಿತ್ತು, ಇಳಿಯಿತು. ಬೇರೆಡೆ ನೋವು ಕೊಟ್ಟರೂ ಹಿಂದಿನಷ್ಟು ಏರಲಿಲ್ಲ. ರಕ್ತದಲ್ಲಿ ಬೀಟಾ ಎಂಡಾರ್ಫಿನ್ ಹೆಚ್ಚಿತು. ನಲೋಕ್ಸೋನ್ ಕೊಟ್ಟರೆ ಕೋಲಿನ ಮಾಯೆ ಕೆಲಸ ಮಾಡಲಿಲ್ಲ. ಲಾಳಗಾರರ ಉಪಾಯವನ್ನು ಅವರು ಸೂಜಿಚಿಕಿತ್ಸೆಯ ಸಾಲಿನಲ್ಲೇ ಇಟ್ಟರು.

ಲಾಳಗಾರರು ಗೆದ್ದರು ಎಂದು ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ, ಆದರೆ ಸತ್ಯ ಅಷ್ಟೇ ಅಲ್ಲ. 2017ರ ಒಂದು ಅಧ್ಯಯನದಲ್ಲಿ ತುಟಿ ತಿರುಚಿದ ಕುದುರೆಗಳ ಎದೆಬಡಿತ ಇಳಿದದ್ದು ಮೊದಲ ಐದು ನಿಮಿಷ ಮಾತ್ರ. ಆಮೇಲೆ ಏರತೊಡಗಿತು. ಕಿವಿ ತಿರುಚಿದಾಗಲಂತೂ ಮೊದಲಿನಿಂದಲೇ ಏರಿತು. ಎರಡೂ ಸಂದರ್ಭದಲ್ಲಿ ಕುದುರೆ ನಿಂತೇ ಇತ್ತು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ. ಬೇಟೆಗೆ ಬಲಿಯಾಗುವ ಜಾತಿಯ ಪ್ರಾಣಿಗಳು ನೋವನ್ನು ಮುಚ್ಚಿಡುತ್ತವೆ. ಹಿಂಡಿನಲ್ಲಿ ಒಂದು ನರಳುವುದು ಕಂಡರೆ ಹುಲಿಯ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. ಹಾಗಾಗಿ ಎತ್ತು, ಕುದುರೆ ಸುಮ್ಮನೆ ನಿಂತಿವೆ ಎಂಬುದು ನೋವಿಲ್ಲ ಎಂಬುದರ ಗುರುತಲ್ಲ. 2014ರಲ್ಲಿ ಕುದುರೆಯ ಮುಖದ ಭಾವವನ್ನು ಅಳೆಯುವ ಪಟ್ಟಿಯೊಂದು ಪ್ರಕಟವಾಯಿತು. ಹಿಂದಕ್ಕೆ ಬಾಗಿದ ಕಿವಿ, ಬಿಗಿದ ದವಡೆ, ಹುಬ್ಬಿನ ಜಾಗದ ಬಿಗಿತ, ಇಂಥವಕ್ಕೆ ಅಂಕ ಕೊಟ್ಟು ನೋವನ್ನು ಅಂದಾಜು ಮಾಡುವ ಪದ್ಧತಿ.

ಕುದುರೆಯ ಕಾಲಿಗೆ ಹಾಕುವ ಬರೆಯ ಕಥೆ ಇನ್ನೂ ಕಟು. ಓಟದಲ್ಲಿ ಸ್ನಾಯುರಜ್ಜು ಹರಿದ ಕುದುರೆಯ ಕಾಲಿಗೆ ಕಾದ ಕಬ್ಬಿಣದಿಂದ ಗೆರೆ ಎಳೆಯುವುದು, ಚುಕ್ಕೆ ಚುಚ್ಚುವುದು ಯುರೋಪಿನಲ್ಲಿ ಗೌರವದ ಚಿಕಿತ್ಸೆಯಾಗಿತ್ತು. ಬರೆ ಹಾಕಿದ ಮೇಲೆ ತಿಂಗಳುಗಟ್ಟಲೆ ವಿಶ್ರಾಂತಿ. ಗುಣವಾದರೆ ಕೀರ್ತಿ ಕಬ್ಬಿಣಕ್ಕೆ. ಬ್ರಿಸ್ಟಲ್‌ನ ಇಯಾನ್ ಸಿಲ್ವರ್ ನೇತೃತ್ವದ ತಂಡ ಇದನ್ನು ಪರೀಕ್ಷಿಸಿ 1983ರಲ್ಲಿ ವರದಿ ಕೊಟ್ಟಿತು: ಬರೆಯಿಂದ ಸ್ನಾಯುರಜ್ಜು ಬೇಗ ಕೂಡಲೂ ಇಲ್ಲ, ಗಟ್ಟಿಯಾಗಲೂ ಇಲ್ಲ. ಗುಣ ಮಾಡಿದ್ದು ವಿಶ್ರಾಂತಿ. ಹಳೆಯ ಪಶುವೈದ್ಯರು ಸುಲಭಕ್ಕೆ ಒಪ್ಪಲಿಲ್ಲ. 1991ರಲ್ಲಿ ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು ಇದನ್ನು ವೃತ್ತಿಧರ್ಮಕ್ಕೆ ವಿರುದ್ಧವೆಂದು ಸಾರಿತು.

ಕಾಮಾಲೆಯ ಬರೆಗೂ ಇದೇ ವಿವರಣೆ ಸಲ್ಲುತ್ತದೆ. ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ವಾರ ಮೈ ಹಳದಿಯಾಗುತ್ತದೆ, ಹೆಚ್ಚಿನವರಿಗೆ ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ಕಲುಷಿತ ನೀರಿನಿಂದ ಬರುವ ಕಾಮಾಲೆಯೂ ಬಹುಪಾಲು ತಾನೇ ಇಳಿಯುತ್ತದೆ. ಬರೆ ಹಾಕಿದ ಕೆಲವು ದಿನಕ್ಕೆ ಹಳದಿ ಹೋದರೆ ಅಜ್ಜಿ ಕಣ್ಣಾರೆ ಕಂಡದ್ದನ್ನು ಹೇಗೆ ಅಲ್ಲವೆನ್ನುವುದು? ಹೋಗದ ಮಕ್ಕಳ ಲೆಕ್ಕ ಯಾರೂ ಇಡಲಿಲ್ಲ. ಸುಟ್ಟ ಗಾಯ ಕೀವಾಗಿ, ರಕ್ತಕ್ಕೆ ಸೋಂಕು ಏರಿ ಆಸ್ಪತ್ರೆ ಸೇರಿದ ಶಿಶುಗಳ ಸುದ್ದಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಈಚಿನವರೆಗೂ ಬರುತ್ತಿದೆ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಕೆನ್ನೆಗೆ ಸರಳು ಚುಚ್ಚಿಕೊಳ್ಳುವ ಬಾಯಿಬೀಗದಂಥ ಆಚರಣೆಗಳನ್ನು ಅಪರಾಧವೆಂದಿತು. ಆದರೆ ಬರೆಯ ಜಾಗ ದೇವಸ್ಥಾನವಲ್ಲ, ಮನೆಯ ಒಲೆ. ಪೊಲೀಸರು ಅಲ್ಲಿಗೆ ತಲುಪುವುದು ಗಾಯ ಆದ ಮೇಲೆ.

ಬರೆ ನೋವು ತಗ್ಗಿಸುತ್ತದೆ ಎಂಬ ಆ ಅರ್ಧ ಸತ್ಯವೂ ಮಗುವಿನ ವಿಷಯದಲ್ಲಿ ಉಳಿಯುವುದಿಲ್ಲ. ಲಂಡನ್ನಿನ ಮರಿಯಾ ಫಿಟ್ಜ್‌ಜೆರಾಲ್ಡ್ ಮತ್ತು ಸಂಗಡಿಗರು 1980ರ ದಶಕದಲ್ಲಿ ತೋರಿಸಿದಂತೆ, ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಆ ತಡೆಯಾಜ್ಞೆ ಇಲಿಮರಿಯಲ್ಲಿ ಹುಟ್ಟಿ ಸುಮಾರು ಹತ್ತು ದಿನ ಕೆಲಸವನ್ನೇ ಮಾಡುವುದಿಲ್ಲ. ಮನುಷ್ಯರ ಶಿಶುವಿನಲ್ಲೂ ಅದು ಹುಟ್ಟಿದ ಮೇಲೆಯೇ ನಿಧಾನವಾಗಿ ಬಲಿಯುತ್ತದೆ. ನೋವನ್ನು ಒಳಗೆ ತರುವ ತಂತುಗಳು ಮಾತ್ರ ಆಗಲೇ ಸಿದ್ಧ. ದೊಡ್ಡವರಿಗೆ ಎರಡನೆಯ ನೋವು ಮೊದಲನೆಯದನ್ನು ಅಡಗಿಸಿದರೆ, ಕೂಸಿಗೆ ಎರಡೂ ನೋವು ಕೂಡಿಕೊಳ್ಳುತ್ತವೆ. ಇದರಲ್ಲಿ ಆಸ್ಪತ್ರೆಗಳು ಹಳ್ಳಿಗಳನ್ನು ದೂರುವಂತೆಯೂ ಇಲ್ಲ. ಶಿಶುಗಳಿಗೆ ನೋವು ಸರಿಯಾಗಿ ತಿಳಿಯದು ಎಂದು ನಂಬಿ, ಪಶ್ಚಿಮದ ಆಸ್ಪತ್ರೆಗಳು 1980ರ ದಶಕದವರೆಗೂ ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ತೀರ ಹಗುರವಾದ ಅರಿವಳಿಕೆ ಕೊಟ್ಟು, ಕೆಲವೊಮ್ಮೆ ಸ್ನಾಯು ಸಡಿಲಿಸುವ ಔಷಧವನ್ನಷ್ಟೇ ಕೊಟ್ಟು, ಎದೆ ಕೊಯ್ಯುತ್ತಿದ್ದವು. ಆಕ್ಸ್‌ಫರ್ಡ್‌ನಲ್ಲಿದ್ದ ಭಾರತೀಯ ವೈದ್ಯ ಕನ್ವಲ್‌ಜೀತ್ ಆನಂದ್ 1987ರಲ್ಲಿ, ಸರಿಯಾಗಿ ನೋವು ನಿವಾರಕ ಕೊಟ್ಟ ಕೂಸುಗಳ ಮೈ ಶಸ್ತ್ರಚಿಕಿತ್ಸೆಯ ಆಘಾತಕ್ಕೆ ಕಡಿಮೆ ಬಳಲುತ್ತದೆ, ತೊಡಕುಗಳೂ ಕಡಿಮೆ ಎಂದು ತೋರಿಸಿದ ಮೇಲೆ ಆ ರೂಢಿ ಬದಲಾಗತೊಡಗಿತು.

ಕೂಸಿಗೆ ನೋವು ತಗ್ಗಿಸುವ ದಾರಿಗಳು ಬೇರೆಯೇ ಇವೆ. ಹಿಮ್ಮಡಿಗೆ ಸೂಜಿ ಚುಚ್ಚುವ ಮುನ್ನ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ ಅಳು ಕಡಿಮೆಯಾಗುತ್ತದೆ ಎಂದು 1991ರಲ್ಲಿ ಅಮೆರಿಕದ ಎಲಿಯಟ್ ಬ್ಲಾಸ್ ಮತ್ತು ಲಿಸಾ ಹಾಫ್‌ಮೇಯರ್ ಅಳೆದು ತೋರಿಸಿದರು. ಎದೆಹಾಲೂ, ತಾಯಿಯ ಮೈಗೆ ಮೈ ತಾಗಿರುವುದೂ ಅದೇ ಕೆಲಸ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆಯ ನೋವಿನ ಬಗ್ಗೆ ಸಲಹೆ ಹೊರಡಿಸಿದಾಗ, ಚುಚ್ಚುವ ಹೊತ್ತಿಗೆ ಅಥವಾ ಅದಕ್ಕೆ ತುಸು ಮುಂಚೆ ಮೊಲೆಯೂಡಿಸುವುದನ್ನು ಪಟ್ಟಿಯಲ್ಲಿ ಸೇರಿಸಿತು. ಕಾಮಾಲೆ ಹೆಚ್ಚಾದ ಶಿಶುವಿಗೆ ನೀಲಿ ಬೆಳಕಿನ ಚಿಕಿತ್ಸೆ ಇದೆ. 1950ರ ದಶಕದಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯ ದಾದಿಯೊಬ್ಬರು, ಬಿಸಿಲಿಗೆ ಒಯ್ದ ಕೂಸುಗಳ ಮೈಯ ಹಳದಿ ಬಿಸಿಲು ಬಿದ್ದ ಕಡೆ ಮಾತ್ರ ಮಾಸಿರುವುದನ್ನು ಗಮನಿಸಿ ವೈದ್ಯರಿಗೆ ತೋರಿಸಿದ್ದರಿಂದ ಅದು ಹುಟ್ಟಿಕೊಂಡಿತು.